ಮರದ ವಿದ್ಯುತ್ ಕಂಬಗಳ ತಪಾಸಣೆ ಮತ್ತು ನಿರ್ವಹಣೆ: ಬುಡ ಅಗೆದು ನೋಡುವವರಿಗೊಂದು ಸಮಗ್ರ ಮಾರ್ಗದರ್ಶಿ

ಮರದ ವಿದ್ಯುತ್ ಕಂಬ ಹೆಚ್ಚಾಗಿ ಕೆಡುವುದು ಕಣ್ಣಿಗೆ ಬೀಳದ ಜಾಗದಲ್ಲಿ. ನೆಲಮಟ್ಟದಿಂದ ಕೆಳಗೆ ಸುಮಾರು ಒಂದೂವರೆ ಅಡಿಯವರೆಗಿನ ಮಣ್ಣಿನಲ್ಲಿ ತೇವವೂ ನಿಲ್ಲುತ್ತದೆ, ಗಾಳಿಯೂ ಆಡುತ್ತದೆ. ಮರವನ್ನು ತಿನ್ನುವ ಶಿಲೀಂಧ್ರಕ್ಕೆ ಇದಕ್ಕಿಂತ ಅನುಕೂಲವಾದ ತಾಣ ಇನ್ನೊಂದಿಲ್ಲ. ಮೇಲಿನ ಮೂವತ್ತು ಅಡಿ ಗಟ್ಟಿಮುಟ್ಟಾಗಿಯೇ ಇದ್ದು, ಜೋರು ಗಾಳಿ ಬೀಸಿದ ದಿನ ಕಂಬ ಬುಡದಲ್ಲೇ ಮುರಿಯುತ್ತದೆ. ಕಂಬದ ಮೇಲೆ ತಂತಿಯ ಎಳೆತ ಮತ್ತು ಗಾಳಿಯ ಒತ್ತಡ ಸೇರಿ ಬಾಗುವ ಬಲ ಅತಿ ಹೆಚ್ಚಾಗಿ ಬೀಳುವುದೂ ಅಲ್ಲಿಯೇ. ಹಾಗಾಗಿ ಈ ಬರಹದ ದೊಡ್ಡ ಪಾಲು ಬುಡದ ಬಗ್ಗೆಯೇ ಇದೆ.

ಕರ್ನಾಟಕದಲ್ಲಿ ಈಗ ಕಣ್ಣಿಗೆ ಬೀಳುವುದು ಸಿಮೆಂಟ್ ಮತ್ತು ಕಬ್ಬಿಣದ ಕಂಬಗಳು. ಆದರೆ ಅಮೆರಿಕದಲ್ಲಿ ವಿದ್ಯುತ್ ವಿತರಣೆ ಇಂದಿಗೂ ನಿಂತಿರುವುದು ಮರದ ಮೇಲೆ. ಅಲ್ಲಿ ಹತ್ತು ಕೋಟಿಗೂ ಹೆಚ್ಚು ಮರದ ಕಂಬಗಳಿವೆ. ಅವುಗಳ ತಪಾಸಣೆ ಅಲ್ಲಿ ಒಂದು ಪ್ರತ್ಯೇಕ ವೃತ್ತಿಯಾಗಿಯೇ ಬೆಳೆದಿದೆ. ಅಲ್ಲಿನ ವಿದ್ಯುತ್ ಸಂಸ್ಥೆಗಳಲ್ಲಿ ಕೆಲಸ ಮಾಡುವ ಕನ್ನಡಿಗರಿಗೆ, ವಿದ್ಯುತ್ ವಿಷಯ ಓದುತ್ತಿರುವ ವಿದ್ಯಾರ್ಥಿಗಳಿಗೆ ಉಪಯೋಗವಾಗಲೆಂದು ಅಲ್ಲಿನ ಪದ್ಧತಿಯನ್ನೇ ಇಲ್ಲಿ ವಿವರಿಸಿದ್ದೇನೆ. ತೋಟದ ಬೇಲಿಗೆ ನೆಟ್ಟ ಮರದ ಗೂಟ ಎರಡೇ ಮಳೆಗಾಲಕ್ಕೆ ಏಕೆ ಲಡ್ಡಾಗುತ್ತದೆ ಎಂದು ಯೋಚಿಸಿದವರಿಗೂ ಇದರಲ್ಲಿ ಉತ್ತರವಿದೆ.

ಇದು ಕಾಗದದ ಮೇಲಿನ ಕಾಳಜಿಯಲ್ಲ. 2024ರ ಫೆಬ್ರುವರಿ 26ರಂದು ಟೆಕ್ಸಾಸ್‌ನ ಪ್ಯಾನ್‌ಹ್ಯಾಂಡಲ್ ಪ್ರದೇಶದಲ್ಲಿ ಹೊತ್ತಿಕೊಂಡ ಸ್ಮೋಕ್‌ಹೌಸ್ ಕ್ರೀಕ್ ಬೆಂಕಿ ಹತ್ತು ಲಕ್ಷ ಎಕರೆಗೂ ಹೆಚ್ಚು ನೆಲವನ್ನು ಸುಟ್ಟಿತು. ಆ ರಾಜ್ಯದ ಇತಿಹಾಸದಲ್ಲೇ ಅತಿ ದೊಡ್ಡ ಕಾಡ್ಗಿಚ್ಚು ಅದು. ಕೊಳೆತ ವಿದ್ಯುತ್ ಕಂಬವೊಂದು ಮುರಿದು ಬಿದ್ದದ್ದೇ ಮೂಲ ಎಂದು ಅಲ್ಲಿನ ಶಾಸನಸಭೆಯ ತನಿಖಾ ಸಮಿತಿ ಹೇಳಿತು. ಒಂದು ಕಂಬದ ಬುಡ ಅಷ್ಟು ದೂರ ಮುಟ್ಟಬಲ್ಲದು.

ಮರ ಯಾವುದು, ಮದ್ದು ಯಾವುದು

ಮರ ಕೊಳೆಯಲು ತೇವ, ಗಾಳಿ, ಬೆಚ್ಚಗಿನ ಹವೆ ಮೂರೂ ಒಟ್ಟಿಗೆ ಬೇಕು. ಮರದೊಳಗಿನ ನೀರು ಅದರ ಒಣ ತೂಕದ ಶೇ 30ರ ಆಸುಪಾಸು ದಾಟಿದ ಮೇಲೆ ಶಿಲೀಂಧ್ರ ಚುರುಕಾಗುತ್ತದೆ. ತೀರಾ ಆಳದಲ್ಲಿ ಗಾಳಿ ಸಾಲದು. ಆಳೆತ್ತರದಲ್ಲಿ ಬಿಸಿಲಿಗೆ ತೇವ ನಿಲ್ಲದು. ಆದ್ದರಿಂದ ಹಳೆಯ ಕಂಬವನ್ನು ಕಿತ್ತಾಗ ತುದಿಯೂ ಅಡಿಯೂ ಹೊಸದರಂತಿದ್ದು, ನಡುವಿನ ಒಂದು ಪಟ್ಟಿ ಮಾತ್ರ ಪುಡಿಯಾಗಿರುವುದು ಸಾಮಾನ್ಯ.

ಎಲ್ಲ ಮರವೂ ಒಂದೇ ರೀತಿ ಕೆಡುವುದಿಲ್ಲ. ತಪಾಸಣೆಗೆ ಹೊರಡುವ ಮೊದಲು ಈ ವ್ಯತ್ಯಾಸ ಮನಸ್ಸಿನಲ್ಲಿರಬೇಕು. ಅಮೆರಿಕದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಸದರ್ನ್ ಪೈನ್ ಮರದಲ್ಲಿ ಹೊರಗಿನ ಬಿಳಿ ಭಾಗ ದಪ್ಪ. ಕೊಳೆಯದಂತೆ ತಡೆಯಲು ಹಾಕುವ ಮದ್ದು ಅದರೊಳಗೆ ಆಳವಾಗಿ ಇಳಿಯುತ್ತದೆ. ವರ್ಷ ಕಳೆದಂತೆ ಮಣ್ಣಿನೊಳಗಿನ ಮೇಲ್ಮೈಯಲ್ಲಿ ಮದ್ದು ತೆಳುವಾಗಿ, ಕೊಳೆತ ಹೊರಗಿನಿಂದ ಒಳಕ್ಕೆ ಸಾಗುತ್ತದೆ. ಡಗ್ಲಸ್ ಫರ್‌ನಲ್ಲಿ ಬಿಳಿ ಭಾಗ ತೆಳು, ಒಳಗಿನ ಚೇಗಿಗೆ ಮದ್ದು ಇಳಿಯುವುದಿಲ್ಲ. ಕಂಬ ಒಣಗಿ ಬಿರುಕು ಬಿಟ್ಟಾಗ ಮದ್ದಿಲ್ಲದ ಒಳಭಾಗ ತೆರೆದುಕೊಂಡು ನೀರು ಕುಡಿಯುತ್ತದೆ. ಹೊರಗೆ ಚೆನ್ನಾಗಿ ಕಾಣುತ್ತಲೇ ಒಳಗೆ ಟೊಳ್ಳಾಗುತ್ತದೆ. ವೆಸ್ಟರ್ನ್ ರೆಡ್ ಸೀಡರ್‌ನ ಚೇಗು ಸ್ವಭಾವತಃ ಕೊಳೆತವನ್ನು ತಡೆಯುತ್ತದೆ, ಆದರೆ ಅದರ ತೆಳ್ಳಗಿನ ಹೊರಪದರ ಸಿಪ್ಪೆಯಂತೆ ಕಳಚುವುದುಂಟು.

ಮದ್ದುಗಳಲ್ಲಿ ಹಳೆಯದು ಕಲ್ಲಿದ್ದಲಿನ ಟಾರಿನಿಂದ ತೆಗೆಯುವ ಕ್ರಿಯೋಸೋಟ್. ಅದರ ಜೊತೆಗೆ ಪೆಂಟಾಕ್ಲೋರೋಫಿನಾಲ್, ತಾಮ್ರದ ನ್ಯಾಫ್ತನೇಟ್, ಮತ್ತು ಹಸಿರು ಛಾಯೆಯ ಸಿಸಿಎ, ಅಂದರೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ಮಿಶ್ರಣ. ಈ ಸಿಸಿಎಯನ್ನು 1933ರಲ್ಲಿ ಕಂಡುಹಿಡಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಭಾರತೀಯ ವಿಜ್ಞಾನಿ ಸೋಂಟಿ ಕಾಮೇಶಂ. ಜಗತ್ತಿನಾದ್ಯಂತ ಕೋಟ್ಯಂತರ ಕಂಬಗಳನ್ನು ಉಳಿಸಿದ ಮದ್ದು ನಮ್ಮ ದೇಶದ ಪ್ರಯೋಗಾಲಯದಿಂದ ಹೋಯಿತೆಂಬುದು ನಮ್ಮಲ್ಲೇ ಹೆಚ್ಚು ಜನರಿಗೆ ತಿಳಿದಿಲ್ಲ, ತಿಳಿದಿರಬೇಕು. ಪೆಂಟಾಕ್ಲೋರೋಫಿನಾಲ್ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸಲು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2022ರಲ್ಲಿ ತೀರ್ಮಾನಿಸಿತು. ಆದರೂ ಅದನ್ನು ಕುಡಿದ ಹಳೆಯ ಕಂಬಗಳು ಇನ್ನೂ ದಶಕಗಳ ಕಾಲ ನಿಂತಿರುತ್ತವೆ.

ಮೊದಲು ನಿಮ್ಮ ಜೀವ

ಈ ಕೆಲಸ ವಿದ್ಯುತ್ ಸಂಸ್ಥೆಯ ಅನುಮತಿ ಮತ್ತು ತರಬೇತಿ ಇರುವವರದು. ನಿಮ್ಮ ಮನೆಯ ಮುಂದಿನ ಕಂಬದ ಬಗ್ಗೆ ಅನುಮಾನವಿದ್ದರೆ ದೂರದಿಂದ ಚಿತ್ರ ತೆಗೆದು, ಕಂಬದ ಸಂಖ್ಯೆಯೊಂದಿಗೆ ಸಂಸ್ಥೆಗೆ ತಿಳಿಸಿ. ಸುತ್ತಿಗೆ, ಗುದ್ದಲಿ ಹಿಡಿದು ಹೋಗಬೇಡಿ.

ತರಬೇತಿ ಇರುವವರಿಗೂ ಕೆಲವು ಮಾತು. ಕಂಬದ ಹತ್ತಿರ ಹೋಗುವ ಮೊದಲು ತಲೆಯೆತ್ತಿ ನೋಡಿ: ತಂತಿ ಜೋತಿದೆಯೇ, ಅಡ್ಡಪಟ್ಟಿ ಒಂದು ಕಡೆ ವಾಲಿದೆಯೇ, ಸ್ಟೇ ವೈರ್ (ಕಂಬ ವಾಲದಂತೆ ನೆಲಕ್ಕೆ ಎಳೆದು ಕಟ್ಟಿದ ತಂತಿ) ಸಡಿಲವಾಗಿದೆಯೇ, ಟ್ರಾನ್ಸ್‌ಫಾರ್ಮರ್ ಸರಿಯಾಗಿ ಕೂತಿದೆಯೇ. ಬೀಳುವಂತಿರುವ ಕಂಬಕ್ಕೆ ಸುತ್ತಿಗೆ ಏಟು ಹಾಕಬಾರದು, ಬುಡ ಅಗೆಯಲೂಬಾರದು. ಅಪಾಯದ ಗುರುತು ಹಚ್ಚಿ ತಕ್ಷಣ ವರದಿ ಮಾಡುವುದೇ ಅಲ್ಲಿನ ತಪಾಸಣೆ. ಲೈನ್ ತಿರುಗುವ ಮೂಲೆಯ ಕಂಬ, ಲೈನ್ ಮುಗಿಯುವ ಕಡೆಯ ಕಂಬ ಇವೆರಡರಲ್ಲಿ ತಂತಿ ಒಂದೇ ಕಡೆಗೆ ಎಳೆಯುತ್ತಿರುತ್ತದೆ. ಸ್ಟೇ ಗಟ್ಟಿಯಾಗಿದೆ ಎಂದು ಖಚಿತವಾಗುವ ತನಕ ಅಲ್ಲಿ ಮಣ್ಣು ತೆಗೆಯಬೇಡಿ.

ಕಂಬದ ಪಕ್ಕದಲ್ಲಿ ಇಳಿದು ಬರುವ ಅರ್ಥಿಂಗ್ ತಂತಿಯನ್ನು ಗುದ್ದಲಿಯಿಂದ ಕಡಿಯಬಾರದು. ಮೊದಲೇ ತುಂಡಾಗಿದ್ದರೆ ಬರಿಗೈಯಲ್ಲಿ ಮುಟ್ಟಬಾರದು. ತುಂಡಾದ ತುದಿಗಳ ನಡುವೆ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರಬಹುದು. ನೆಲದಡಿಯ ಕೇಬಲ್, ಅನಿಲದ ಕೊಳವೆ ಎಲ್ಲಿವೆ ಎಂದು ತಿಳಿಯಲು ಅಮೆರಿಕದಲ್ಲಿ 811 ಸಂಖ್ಯೆಗೆ ಮೊದಲೇ ಕರೆ ಮಾಡುವ ವ್ಯವಸ್ಥೆಯಿದೆ, ಬಳಸಿಕೊಳ್ಳಿ. ಕೈಗವಸು, ಕನ್ನಡಕ, ಉದ್ದ ತೋಳಿನ ಅಂಗಿ ಕಡ್ಡಾಯ. ಊಟಕ್ಕೆ ಕೂರುವ ಮೊದಲು ಕೈ ತೊಳೆಯಿರಿ. ಮದ್ದು ಹಿಡಿದ ಮರದ ಪುಡಿ ಚರ್ಮಕ್ಕೂ ಹೊಟ್ಟೆಗೂ ಒಳ್ಳೆಯದಲ್ಲ.

ಕಂಬದ ಜಾತಕ ಓದುವುದು

ಪ್ರತಿ ಕಂಬದ ಮೇಲೂ ಕಾಯಿಸಿ ಒತ್ತಿದ ಮುದ್ರೆ ಅಥವಾ ಲೋಹದ ಬಿಲ್ಲೆ ಇರುತ್ತದೆ. ತಯಾರಕರ ಗುರುತು, ವರ್ಷ, ಮರದ ಜಾತಿ, ಮದ್ದು, ವರ್ಗ, ಉದ್ದ ಎಲ್ಲವೂ ಅದರಲ್ಲಿವೆ. ಎಸ್‌ಪಿ ಎಂದರೆ ಸದರ್ನ್ ಪೈನ್, ಡಿಎಫ್ ಎಂದರೆ ಡಗ್ಲಸ್ ಫರ್, ಡಬ್ಲ್ಯುಸಿ ಎಂದರೆ ವೆಸ್ಟರ್ನ್ ರೆಡ್ ಸೀಡರ್. 4-40 ಎಂದಿದ್ದರೆ ನಾಲ್ಕನೆಯ ವರ್ಗದ ನಲವತ್ತು ಅಡಿ ಕಂಬ. ವರ್ಗದ ಸಂಖ್ಯೆ ಕಡಿಮೆಯಾದಷ್ಟೂ ಕಂಬ ಬಲವಾದದ್ದು: ತುದಿಯಿಂದ ಎರಡು ಅಡಿ ಕೆಳಗೆ ಅಡ್ಡಲಾಗಿ ಎಳೆದರೆ ನಾಲ್ಕನೆಯ ವರ್ಗ 2,400 ಪೌಂಡ್, ಒಂದನೆಯ ವರ್ಗ 4,500 ಪೌಂಡ್ ತಾಳಬೇಕೆಂಬುದು ಅಲ್ಲಿನ ಮಾನದಂಡ.

ಮುದ್ರೆ ಇರುವ ಎತ್ತರವೂ ಒಂದು ವಿಷಯ ಹೇಳುತ್ತದೆ. ಐವತ್ತು ಅಡಿವರೆಗಿನ ಕಂಬಗಳಲ್ಲಿ ಅದನ್ನು ಕಂಬದ ಕೆಳತುದಿಯಿಂದ ಹತ್ತು ಅಡಿ ಮೇಲೆ ಹಾಕುತ್ತಾರೆ. ಕಂಬ ನೆಡುವ ಆಳಕ್ಕೆ ರೂಢಿಯ ಲೆಕ್ಕ ಉದ್ದದ ಹತ್ತನೆಯ ಒಂದು ಭಾಗ ಮತ್ತು ಅದರ ಮೇಲೆ ಎರಡು ಅಡಿ. ನಲವತ್ತು ಅಡಿ ಕಂಬಕ್ಕೆ ಆರು ಅಡಿ ಆಳ. ಹಾಗಾದರೆ ಮುದ್ರೆ ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿರಬೇಕು. ಅದು ಎರಡೂವರೆ ಅಡಿಯಲ್ಲೇ ಕಂಡರೆ ಯಾರೋ ಬುಡಕ್ಕೆ ಮಣ್ಣು ತುಂಬಿರಬಹುದು; ಕೊಳೆಯುವ ಪಟ್ಟಿ ನೀವು ಅಂದುಕೊಂಡ ಜಾಗದಲ್ಲಿ ಇರುವುದಿಲ್ಲ. ಐದೂವರೆ ಅಡಿಯಲ್ಲಿದ್ದರೆ ಮಣ್ಣು ಕೊಚ್ಚಿಹೋಗಿದೆ, ಇಲ್ಲವೇ ಕಂಬವನ್ನು ನೆಟ್ಟದ್ದೇ ಮೇಲೆ. ಹಾಗಿದ್ದರೆ ಕೊಳೆತ ಇಲ್ಲದಿದ್ದರೂ ಅದು ಸುಭದ್ರವಲ್ಲ.

ಕಣ್ಣು, ಆಮೇಲೆ ಕಿವಿ

ದುರ್ಬೀನು ಹಿಡಿದು ಕಂಬದ ಸುತ್ತ ಒಂದು ಪೂರ್ಣ ಸುತ್ತು ಬನ್ನಿ. ತುದಿ ಒಡೆದಿದೆಯೇ, ಮರಕುಟಿಗ ತೂತು ಕೊರೆದಿದೆಯೇ, ಇನ್ಸುಲೇಟರ್ ಬಳಿ ಸುಟ್ಟ ಕಲೆ ಇದೆಯೇ, ಬೋಲ್ಟುಗಳು ಸಡಿಲವಾಗಿವೆಯೇ ನೋಡಿ. ಮರ ಒಣಗಿ ಕುಗ್ಗಿದಂತೆ ಬೋಲ್ಟ್ ಸಡಿಲವಾಗುವುದು ಸಹಜ, ಆದರೆ ಬಿಗಿ ಮಾಡದೆ ಬಿಡುವುದು ತಪ್ಪು. ಉದ್ದುದ್ದ ಬಿರುಕುಗಳನ್ನು ಕಂಡು ಗಾಬರಿಯಾಗಬೇಕಿಲ್ಲ. ಹೊರಮೈಯಿಂದ ನಡುವಿನವರೆಗೆ ಹೋಗುವ ಒಣಗುಬಿರುಕು ಎಲ್ಲ ಕಂಬದಲ್ಲೂ ಇರುತ್ತದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಯ್ದು ಕಂಬವನ್ನು ಎರಡು ಹೋಳು ಮಾಡುವ ಸೀಳು ಬೇರೆ ವಿಷಯ, ಅದನ್ನು ಬರೆದುಕೊಳ್ಳಿ. ಬುಡದಲ್ಲಿ ಅಣಬೆ ಎದ್ದಿದ್ದರೆ ಒಳಗೆ ಕೊಳೆತ ಮುಂದುವರಿದಿದೆ ಎಂದೇ ತಿಳಿಯಿರಿ. ಗೆದ್ದಲಿನ ಮಣ್ಣಿನ ದಾರಿ, ಮರ ಕೊರೆಯುವ ದೊಡ್ಡ ಕಪ್ಪಿರುವೆ ಹೊರಹಾಕಿದ ನಾರುಪುಡಿ ಇವೂ ಅಷ್ಟೇ.

ಆಮೇಲೆ ಸುತ್ತಿಗೆ. ನೆಲಮಟ್ಟದಿಂದ ಕೈ ಎಟುಕುವಷ್ಟು ಎತ್ತರದವರೆಗೆ, ಸುತ್ತಲೂ, ಗೇಣಿಗೊಂದರಂತೆ ಬಡಿಯುತ್ತಾ ಬನ್ನಿ. ಗಟ್ಟಿ ಮರ ಖಣ್ ಎಂದು ಸುತ್ತಿಗೆಯನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಕೆಟ್ಟ ಮರ ಬದ್ ಎಂದು ಮಂಕಾಗಿ ಸದ್ದು ಮಾಡುತ್ತದೆ, ಏಟನ್ನು ನುಂಗಿಕೊಳ್ಳುತ್ತದೆ. ಕೆಲವೇ ದಿನಗಳ ಅಭ್ಯಾಸದಲ್ಲಿ ಕಿವಿಗಿಂತ ಮೊದಲು ಮಣಿಕಟ್ಟೇ ಹೇಳತೊಡಗುತ್ತದೆ. ಅನುಮಾನ ಬಂದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ.

ಇಲ್ಲಿಗೇ ನಿಲ್ಲಿಸುವವರು ಬಹಳ ಮಂದಿ. ಅದಕ್ಕೆ ನನ್ನ ಆಕ್ಷೇಪವಿದೆ. ಸುತ್ತಿಗೆ ಪತ್ತೆ ಮಾಡುವುದು ನೆಲದ ಮೇಲಿನ ದೊಡ್ಡ ಟೊಳ್ಳನ್ನು ಮಾತ್ರ. ನೆಲದಡಿಯ ಹೊರಮೈ ಕೊಳೆತ ಅದರ ಎಟುಕಿಗೆ ಸಿಗುವುದಿಲ್ಲ. ಮರ ನೆನೆದಿದ್ದರೆ, ಹೆಪ್ಪುಗಟ್ಟಿದ್ದರೆ ಸದ್ದೇ ಮೋಸ ಮಾಡುತ್ತದೆ. ಕಣ್ಣಿನಲ್ಲಿ ನೋಡಿ, ಸುತ್ತಿಗೆಯಲ್ಲಿ ಬಡಿದು 'ಸರಿ ಇದೆ' ಎಂದು ಬರೆದ ಕಂಬವನ್ನು ಪೂರ್ತಿ ತಪಾಸಣೆಯಾದ ಕಂಬವೆಂದು ಪಟ್ಟಿಗೆ ಸೇರಿಸುವುದು ಮುಂದಿನ ಲೈನ್‌ಮನ್‌ಗೆ ಮಾಡುವ ಅನ್ಯಾಯ. ಆತ ಆ ಬರಹವನ್ನು ನಂಬಿ ಕಂಬ ಹತ್ತುತ್ತಾನೆ.

ಕೊರೆದು ನೋಡುವುದು

ನೆಲಮಟ್ಟದಲ್ಲಿ ಅಥವಾ ಅದಕ್ಕಿಂತ ತುಸು ಕೆಳಗೆ, ಅತಿ ಅಗಲವಾದ ಬಿರುಕಿನ ಪಕ್ಕದಲ್ಲಿ, 45 ಡಿಗ್ರಿ ಕೆಳಮುಖವಾಗಿ ಕಂಬದ ನಡುವಿನತ್ತ ಕೊರೆಯಿರಿ. ಸುಮಾರು ಒಂದು ಸೆಂಟಿಮೀಟರ್ ದಪ್ಪದ ಹರಿತವಾದ ಬಿಟ್ ಸಾಕು. ಮೊಂಡಾದ ಬಿಟ್ ಎಲ್ಲ ಮರವನ್ನೂ ಒಂದೇ ತೆರನಾಗಿ ತೋರಿಸುತ್ತದೆ. ಬಿಟ್ ಬಿಗಿಯಾಗಿ ಸಾಗುತ್ತಿದ್ದು ಫಕ್ಕನೆ ಒಳಗೆ ಜಾರಿದರೆ ಅಲ್ಲಿ ಟೊಳ್ಳು. ಹೊರಬರುವ ತುರಿಯನ್ನು ಬೆರಳಲ್ಲಿ ಹಿಡಿದು ನೋಡಿ. ಸುರುಳಿಯಾಗಿ ಮದ್ದಿನ ವಾಸನೆಯೊಂದಿಗೆ ಬಂದರೆ ಒಳ್ಳೆಯದು. ಒದ್ದೆಯಾಗಿ, ಕಂದು ಪುಡಿಯಾಗಿ ಬಂದರೆ ಕೊಳೆತ.

ಕೊಳೆತ ಸಿಕ್ಕರೆ ಸುತ್ತಲೂ ಸಮದೂರದಲ್ಲಿ ಇನ್ನೆರಡು ಕಡೆ ಕೊರೆಯಿರಿ. ಮೂರೂ ತೂತು ಒಂದೇ ಮಟ್ಟದಲ್ಲಿ ಬೇಡ, ಒಂದಕ್ಕಿಂತ ಒಂದನ್ನು ತುಸು ಮೇಲೆ ಮಾಡಿ. ಇಲ್ಲದಿದ್ದರೆ ದುರ್ಬಲವಾದ ಜಾಗವನ್ನು ನೀವೇ ಇನ್ನಷ್ಟು ದುರ್ಬಲ ಮಾಡಿದಂತೆ. ತುದಿ ಬಾಗಿದ ಅಳತೆ ಕಡ್ಡಿಯನ್ನು ತೂತಿನೊಳಗೆ ಹಾಕಿ, ಒಳಗೋಡೆಗೆ ಕೊಕ್ಕೆ ಸಿಕ್ಕಿಸಿ, ಗಟ್ಟಿ ಹೊರಪದರ ಎಷ್ಟು ದಪ್ಪ ಉಳಿದಿದೆ ಎಂದು ಅಳೆಯಿರಿ. ತೂತು ಓರೆಯಾಗಿರುವುದರಿಂದ ನಿಜವಾದ ದಪ್ಪ ಕಡ್ಡಿ ತೋರಿಸುವುದಕ್ಕಿಂತ ಕಡಿಮೆ: 45 ಡಿಗ್ರಿಯಲ್ಲಿ ಕಡ್ಡಿ 10 ಸೆಂಟಿಮೀಟರ್ ತೋರಿಸಿದರೆ ಇರುವುದು 7 ಮಾತ್ರ. ಕೆಲಸ ಮುಗಿದ ಮೇಲೆ ಮದ್ದು ಹಾಕಿದ ಮರದ ಬೆಣೆ ಬಡಿದು ತೂತು ಮುಚ್ಚಿ. ತೆಳ್ಳಗಿನ ಸೂಜಿ ಕೊರೆದು ಪ್ರತಿರೋಧವನ್ನು ನಕ್ಷೆಯಾಗಿ ಬರೆಯುವ ಯಂತ್ರಗಳೂ ಇವೆ; ಕೊಳ್ಳುವ ಶಕ್ತಿಯಿರುವ ಸಂಸ್ಥೆಗೆ ಒಳ್ಳೆಯ ಸಾಧನ.

ಬುಡ ಅಗೆಯುವುದು

ಬೆವರು ಬೇಡುವ ಕೆಲಸ ಇದು. ಹೆಚ್ಚು ಸತ್ಯ ಹೇಳುವುದೂ ಇದೇ. ಮೊದಲು ಎದುರುಬದುರು ಎರಡು ಬದಿಯಲ್ಲಿ ಮಣ್ಣು ತೆಗೆದು ನೋಡಿ. ಸ್ವಲ್ಪ ಕೊಳೆತ ಕಂಡರೂ ಸುತ್ತಲೂ ಸುಮಾರು 45 ಸೆಂಟಿಮೀಟರ್ ಆಳಕ್ಕೆ ಅಗೆಯಿರಿ. ಒಣ ಸೀಮೆಯಲ್ಲಿ ತೇವ ಇನ್ನೂ ಕೆಳಗಿರುತ್ತದೆ, ಕೊಳೆತವೂ ಅದರ ಹಿಂದೆಯೇ ಇಳಿದಿರುತ್ತದೆ. ಅಲ್ಲಿ 45ಕ್ಕೆ ನಿಲ್ಲಿಸಬಾರದು. ತೆಗೆದ ಮಣ್ಣನ್ನು ಟಾರ್ಪಾಲಿನ ಮೇಲೆ ಹಾಕಿದರೆ ಮತ್ತೆ ತುಂಬುವುದು ಸುಲಭ, ಜಮೀನಿನ ಒಡೆಯರಿಗೂ ಬೇಸರವಾಗುವುದಿಲ್ಲ.

ಮೈಗೆ ಅಂಟಿದ ಮಣ್ಣನ್ನು ಗಟ್ಟಿ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಚೂಪಾದ ಸಲಾಕೆಯಿಂದ ಅಡ್ಡಲಾಗಿ ಒಂದು ಚೂರು ಎಬ್ಬಿಸಿ ನೋಡಿ: ಗಟ್ಟಿ ಮರ ಉದ್ದನೆಯ ಸಿಬಿರಾಗಿ ಏಳುತ್ತದೆ, ಕೊಳೆತದ್ದು ಬಿಸ್ಕತ್ತಿನಂತೆ ಸಣ್ಣ ತುಣುಕಾಗಿ ಮುರಿಯುತ್ತದೆ. ಕೊಳೆತದ್ದನ್ನೆಲ್ಲ ಕೆರೆದು ತೆಗೆಯಿರಿ, ಆದರೆ ಗಟ್ಟಿ ಮರವನ್ನು ಕೆತ್ತಬೇಡಿ. ಮದ್ದಿರುವ ಹೊರಮೈ ಒಂದೊಂದು ಮಿಲಿಮೀಟರೂ ಕಂಬದ ಬಲ. ಕೆರೆದ ಪುಡಿಯನ್ನು ಹೊಂಡಕ್ಕೆ ವಾಪಸು ಹಾಕದೆ ಚೀಲಕ್ಕೆ ತುಂಬಿ. ಆಮೇಲೆ ಉಳಿದ ಗಟ್ಟಿ ಮರದ ಸುತ್ತಳತೆಯನ್ನು ಟೇಪಿನಿಂದ ಅಳೆಯಿರಿ.

ಲೆಕ್ಕ

ದುಂಡು ಕಂಬಕ್ಕೆ ಬಾಗದೆ ತಡೆಯುವ ಬಲ ಸುತ್ತಳತೆಯ ಘನಕ್ಕೆ ಅನುಗುಣವಾಗಿರುತ್ತದೆ. ಮೂಲದಲ್ಲಿ ಬುಡದ ಸುತ್ತಳತೆ 100 ಸೆಂಟಿಮೀಟರ್ ಇದ್ದು, ಕೆರೆದ ಮೇಲೆ 88 ಉಳಿಯಿತು ಎನ್ನಿ. 0.88ರ ಘನ ಸುಮಾರು 0.68. ಅಂದರೆ ಸುತ್ತಲೂ ಎರಡು ಸೆಂಟಿಮೀಟರಿಗೂ ತುಸು ಕಡಿಮೆ ದಪ್ಪ ಕೊಳೆತರೂ ಕಂಬದ ಮೂರನೆಯ ಒಂದು ಭಾಗ ಬಲ ಹೋಯಿತು.

ಈಗ ಅದೇ ಕಂಬದ ಹೊರಮೈ ಪೂರ್ತಿ ಚೆನ್ನಾಗಿದ್ದು, ನಡುವೆ ಟೊಳ್ಳಿದೆ ಎನ್ನಿ. ವ್ಯಾಸ 32 ಸೆಂಟಿಮೀಟರ್, ಟೊಳ್ಳಿನ ಅಗಲ 16. ಟೊಳ್ಳಿನಿಂದ ಹೋಗುವ ಬಲದ ಪಾಲು, ಟೊಳ್ಳಿನ ಅಗಲವನ್ನು ವ್ಯಾಸದಿಂದ ಭಾಗಿಸಿ ಬಂದ ಸಂಖ್ಯೆಯ ನಾಲ್ಕನೆಯ ಘಾತ. ಇಲ್ಲಿ ಅದು ಅರ್ಧ; ಅರ್ಧದ ನಾಲ್ಕನೆಯ ಘಾತ 0.06 ಮಾತ್ರ, ಶೇ 94ರಷ್ಟು ಬಲ ಉಳಿದಿದೆ! ಹೊರಪದರ ಎಲ್ಲ ಕಡೆ 5 ಸೆಂಟಿಮೀಟರಿಗೆ ಇಳಿದರೂ ಶೇ 78ರಷ್ಟು ಇರುತ್ತದೆ. ಬಡಿದರೆ ಭಯಂಕರ ಸದ್ದು ಮಾಡುವ ಟೊಳ್ಳು ಕಂಬ ಇನ್ನೂ ನಿಲ್ಲಬಲ್ಲದು, ಖಣ್ ಎನ್ನುವ ಕಂಬ ಮಣ್ಣಿನಡಿ ಎರಡು ಬೆರಳು ಸವೆದು ಬೀಳಬಹುದು. ಅಗೆಯಲೇಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಈ ಲೆಕ್ಕವೇ ಆಧಾರ. ಹಾಗೆಂದು ಟೊಳ್ಳನ್ನು ಕಡೆಗಣಿಸುವಂತಿಲ್ಲ: ಅದು ನಡುವಿನಲ್ಲಿರದೆ ಒಂದು ಬದಿಗೆ ಸರಿದಿದ್ದರೆ ಈ ಸೂತ್ರ ನಡೆಯದು, ಹೊರಪದರ 5 ಸೆಂಟಿಮೀಟರಿಗಿಂತ ತೆಳುವಾಗಿದ್ದರೆ ಕಂಬವನ್ನು ತಿರಸ್ಕರಿಸುವುದೇ ರೂಢಿ.

ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸುರಕ್ಷತಾ ಸಂಹಿತೆಯ ಪ್ರಕಾರ, ನೆಡುವಾಗ ಬೇಕಿದ್ದ ಬಲದ ಮೂರನೆಯ ಎರಡು ಭಾಗಕ್ಕಿಂತ ಕೆಳಗಿಳಿದ ಮರದ ಕಂಬವನ್ನು ಬದಲಿಸಬೇಕು ಅಥವಾ ಬಲಪಡಿಸಬೇಕು. ಇಲ್ಲಿ 'ಬೇಕಿದ್ದ ಬಲ' ಎಂಬ ಮಾತನ್ನು ಗಮನಿಸಿ. ಕಂಬಕ್ಕೆ ಆಮೇಲೆ ಹೊಸ ಟ್ರಾನ್ಸ್‌ಫಾರ್ಮರ್, ಇಂಟರ್‌ನೆಟ್ ಕೇಬಲ್ ಹೊರೆಸಿದ್ದರೆ ಬೇಕಾದ ಬಲವೇ ಏರಿರುತ್ತದೆ. ಹಳೆಯ ನಕ್ಷೆ ನೋಡಿ ಪಾಸು ಮಾಡಬೇಡಿ, ಈಗ ಮೇಲೆ ಏನಿದೆ ಎಂದು ಎಣಿಸಿ.

ಮದ್ದು ಹಚ್ಚುವುದು, ಬಲ ಕೊಡುವುದು

ಬಲ ಸಾಕಷ್ಟಿದ್ದರೆ ಅಗೆದ ಹೊಂಡ ಮುಚ್ಚುವ ಮೊದಲೇ ಮದ್ದು ಹಚ್ಚಬೇಕು. ತಾಮ್ರ ಮತ್ತು ಬೋರಾನ್ ಸೇರಿದ ಲೇಪವನ್ನು ಹೊಂಡದ ತಳದಿಂದ ನೆಲಮಟ್ಟಕ್ಕಿಂತ ನಾಲ್ಕೈದು ಬೆರಳು ಮೇಲಿನವರೆಗೆ ಬಳಿಯಿರಿ. ತಾಮ್ರ ಹೊರಮೈಯಲ್ಲಿ ನಿಲ್ಲುತ್ತದೆ, ಬೋರಾನ್ ತೇವದ ಜೊತೆ ಒಳಗೆ ಇಳಿಯುತ್ತದೆ. ಮೇಲೆ ಪ್ಲಾಸ್ಟಿಕ್ ಬೆನ್ನಿನ ಕಾಗದ ಸುತ್ತಿ ಮೊಳೆ ಹೊಡೆಯಿರಿ. ಸುತ್ತದಿದ್ದರೆ ಮದ್ದು ಮರಕ್ಕಲ್ಲದೆ ಮಣ್ಣಿಗೆ ಹೋಗುತ್ತದೆ. ಮಣ್ಣನ್ನು ಪದರ ಪದರವಾಗಿ ತುಂಬಿ, ಪ್ರತಿ ಪದರವನ್ನೂ ದಮ್ಮಸ್ಸು ಮಾಡಿ. ಕೊನೆಗೆ ಬುಡ ದಿಬ್ಬದಂತಿರಲಿ, ನೀರು ಹೊರಕ್ಕೆ ಹರಿಯಲಿ.

ಒಳಗಿನ ಕೊಳೆತಕ್ಕೆ ದಾರಿ ಬೇರೆ. ಟೊಳ್ಳಿದ್ದರೆ ದ್ರವ ಮದ್ದನ್ನು ಒತ್ತಡದಿಂದ ತುಂಬುತ್ತಾರೆ. ಟೊಳ್ಳಿಲ್ಲದೆ ಕೊಳೆತ ಶುರುವಾಗಿದ್ದರೆ ಓರೆ ತೂತುಗಳಲ್ಲಿ ಬೋರಾನ್ ಕಡ್ಡಿ ಅಥವಾ ಆವಿಯಾಗಿ ಹರಡುವ ಮದ್ದು ಹಾಕಿ ಬೆಣೆ ಬಡಿಯುತ್ತಾರೆ. ಆವಿ ಮರದ ಉದ್ದಕ್ಕೂ ಹರಡಿ ವರ್ಷಗಟ್ಟಲೆ ಶಿಲೀಂಧ್ರವನ್ನು ತಡೆಯುತ್ತದೆ. ಇವು ಪ್ರಬಲ ವಿಷಗಳು. ಪರವಾನಗಿ ಇರುವವರು ಮಾತ್ರ, ಡಬ್ಬಿಯ ಮೇಲಿನ ಸೂಚನೆ ಅಕ್ಷರಶಃ ಪಾಲಿಸಿ ಬಳಸಬೇಕು. ಬಾವಿ, ಕೆರೆ, ಕಾಲುವೆಯ ಪಕ್ಕದ ಕಂಬಕ್ಕೆ ಏನು ಹಾಕಬಹುದೆಂದು ಮೊದಲೇ ಕೇಳಿ ತಿಳಿಯಿರಿ.

ಬುಡ ಮಾತ್ರ ಕೆಟ್ಟು ಮೇಲಿನ ಮರ ಚೆನ್ನಾಗಿದ್ದರೆ ಕಂಬ ಕೀಳಬೇಕಾಗಿಲ್ಲ. ಉದ್ದನೆಯ ಉಕ್ಕಿನ ಆಸರೆಯನ್ನು ಕಂಬಕ್ಕೆ ತಾಗಿಸಿ ನೆಲಕ್ಕೆ ಹೊಡೆದು, ಮೇಲಿನ ಗಟ್ಟಿ ಭಾಗಕ್ಕೆ ಉಕ್ಕಿನ ಪಟ್ಟಿಗಳಿಂದ ಬಿಗಿಯುತ್ತಾರೆ. ವಿದ್ಯುತ್ ನಿಲ್ಲಿಸದೆಯೇ ಮುಗಿಯುವ ಕೆಲಸ. ಪಟ್ಟಿ ಬಿಗಿಯುವ ಜಾಗದಲ್ಲೂ ಕೊರೆದು ನೋಡಿದ ಮೇಲೆಯೇ ಇದನ್ನು ಮಾಡಬೇಕು. ತುದಿಯೂ ಕೊಳೆತ ಕಂಬಕ್ಕೆ ಆಸರೆ ಕೊಡುವುದು ದುಡ್ಡು ದಂಡ, ಅದನ್ನು ಬದಲಿಸಿಬಿಡಿ.

ಗುರುತು, ದಾಖಲೆ, ಮುಂದಿನ ಸರದಿ

ತಪಾಸಣೆಯ ವರ್ಷ ಮತ್ತು ಹಾಕಿದ ಮದ್ದು ತಿಳಿಸುವ ಬಿಲ್ಲೆಯನ್ನು ಮುದ್ರೆಯ ಕೆಳಗೆ ಹೊಡೆಯಿರಿ. ತಿರಸ್ಕರಿಸಿದ ಕಂಬಕ್ಕೆ ಬೇರೆ ಗುರುತು, ಹತ್ತಲೇಬಾರದ ಕಂಬಕ್ಕೆ ಮತ್ತೊಂದು. ರಾತ್ರಿ ಟಾರ್ಚ್ ಬೆಳಕಿನಲ್ಲೂ ಕಾಣುವಂತಿರಲಿ. ಪುಸ್ತಕದಲ್ಲಿ ಮೂಲ ಸುತ್ತಳತೆ, ಉಳಿದ ಸುತ್ತಳತೆ, ಹೊರಪದರದ ದಪ್ಪ, ಅಗೆದ ಆಳ ನಾಲ್ಕನ್ನೂ ಸಂಖ್ಯೆಯಲ್ಲಿ ಬರೆಯಿರಿ. 'ಪರವಾಗಿಲ್ಲ' ಎಂದು ಬರೆದರೆ ಹತ್ತು ವರ್ಷದ ನಂತರ ಬರುವವರು ಹೋಲಿಸಿ ನೋಡಲು ಏನೂ ಇರುವುದಿಲ್ಲ.

ಅಮೆರಿಕದ ಗ್ರಾಮೀಣ ವಿದ್ಯುತ್ ಕಾರ್ಯಕ್ರಮದ ಮಾರ್ಗಸೂಚಿ ದೇಶವನ್ನು ಕೊಳೆತದ ತೀವ್ರತೆಗೆ ತಕ್ಕಂತೆ ಐದು ವಲಯ ಮಾಡಿದೆ. ಒಣ, ತಂಪು ಸೀಮೆಯಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಮರುತಪಾಸಣೆ ಸಾಕಾದರೆ, ಫ್ಲಾರಿಡಾದಂಥ ಬಿಸಿ ತೇವದ ಸೀಮೆಯಲ್ಲಿ ಎಂಟು ವರ್ಷಕ್ಕೊಮ್ಮೆ ಬೇಕು. ನಿಮ್ಮ ಲೈನಿನಲ್ಲಿ ತಿರಸ್ಕೃತ ಕಂಬಗಳ ಪ್ರಮಾಣ ಏರುತ್ತಿದ್ದರೆ ಮಾರ್ಗಸೂಚಿ ಹೇಳಿದಷ್ಟು ವರ್ಷ ಕಾಯದೆ ಮುಂಚೆಯೇ ಹೋಗಿ.

ಕಿತ್ತ ಹಳೆಯ ಕಂಬವನ್ನು ಬೇಕಾದವರಿಗೆ ಕೊಟ್ಟುಬಿಡುವ ರೂಢಿ ಹಲವೆಡೆ ಇದೆ. ಕೊಡುವುದಾದರೆ ಒಳಗಿರುವ ಮದ್ದು ಯಾವುದೆಂದು ಬರಹದಲ್ಲಿ ತಿಳಿಸಿ ಕೊಡಿ. ಅದನ್ನು ಒಲೆಗೆ, ಅಗ್ಗಿಷ್ಟಿಕೆಗೆ ಹಾಕಬಾರದು. ಸಿಸಿಎ ಮರ ಸುಟ್ಟರೆ ಆರ್ಸೆನಿಕ್ ಹೊಗೆಯಲ್ಲೂ ಬೂದಿಯಲ್ಲೂ ಬರುತ್ತದೆ. ತರಕಾರಿ ಮಡಿಯ ಅಂಚಿಗೆ, ದನದ ಗೋದಲಿಗೆ, ಮಕ್ಕಳ ಜೋಕಾಲಿಗೆ ಬಳಸಬಾರದು. ಯಾರಿಗೂ ಬೇಡವಾದರೆ ಮದ್ದು ಹಾಕಿದ ಮರವನ್ನು ಒಪ್ಪಿಕೊಳ್ಳುವ ಪರವಾನಗಿ ಪಡೆದ ವಿಲೇವಾರಿ ತಾಣಕ್ಕೆ ಕಳುಹಿಸಿ, ರಸೀದಿಯನ್ನು ಆ ಕಂಬದ ಕಡತದಲ್ಲೇ ಇಡಿ.